ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಗಂಟೆ? ನೀವೇ ಲೆಕ್ಕ ಹಾಕಿಕೊಳ್ಳಿ

ಮಗನೋ ಮಗಳೋ ಸನ್ನಿವೇಲ್‌ನಲ್ಲೋ ಫ್ರೀಮಾಂಟ್‌ನಲ್ಲೋ ಕೆಲಸದಲ್ಲಿದ್ದಾರೆ, ಅಪ್ಪ ಅಮ್ಮ ಮೊದಲ ಸಲ ಹೊರಟಿದ್ದಾರೆ. ಎಷ್ಟು ಗಂಟೆ ಆಗುತ್ತೆ ಅಂತ ಕೇಳಿ ನೋಡಿ. ಒಬ್ಬರು 17 ಗಂಟೆ ಅಂತಾರೆ, ಇನ್ನೊಬ್ಬರು 24 ಅಂತಾರೆ, ಹೋಗಿ ಬಂದ ಪಕ್ಕದ ಮನೆಯವರು "ಒಂದೂವರೆ ದಿನ ಹಿಡಿಯುತ್ತೆ ರೀ" ಅಂತಾರೆ. ಮೂರೂ ಸರಿ. ಒಬ್ಬರು ಹಾರಾಟ ಲೆಕ್ಕ ಹಾಕಿದ್ದಾರೆ, ಒಬ್ಬರು ಟಿಕೆಟ್ ನೋಡಿದ್ದಾರೆ, ಇನ್ನೊಬ್ಬರು ಮೈಸೂರಿನ ಮನೆಗೆ ಬೀಗ ಹಾಕಿದ ಹೊತ್ತಿನಿಂದ ಎಣಿಸಿದ್ದಾರೆ.

ಈ ಮೂರನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ತೆಗೆದುಕೊಂಡಿದ್ದೇನೆ, ಆದರೆ ಯಾವ ಎರಡು ವಿಮಾನ ನಿಲ್ದಾಣಕ್ಕಾದರೂ ಇದೇ ದಾರಿ. ಪೆನ್ನು, ಪೇಪರ್, ಮೊಬೈಲ್ ಕ್ಯಾಲ್ಕುಲೇಟರ್ ಇದ್ದರೆ ಸಾಕು.

1. ಮೊದಲು ದೂರ

ಗೋಡೆ ಮೇಲಿನ ಭೂಪಟ ನೋಡಿ ಗೆರೆ ಎಳೆಯಬೇಡಿ. ಅದರಲ್ಲಿ ಅಮೆರಿಕ ಎಡತುದಿಯಲ್ಲಿರುತ್ತೆ, ನಾವು ಬಲಗಡೆ ಇರುತ್ತೇವೆ. ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿಕೊಂಡು ಹೋಗುತ್ತೆ. ನಿಜವಾದ ಹತ್ತಿರದ ದಾರಿ ಹಾಗಿಲ್ಲವೇ ಇಲ್ಲ.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದೆಯಾ? ಒಂದು ದಾರ ತಗೊಂಡು ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಸರಿಯುತ್ತೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ, ಆರ್ಕ್ಟಿಕ್ ಸಾಗರದ ಅಂಚು, ಅಲಾಸ್ಕಾ, ಅಲ್ಲಿಂದ ಪೆಸಿಫಿಕ್ ಕಡೆ ಇಳಿದು ಕ್ಯಾಲಿಫೋರ್ನಿಯಾ. ಅತಿ ಉತ್ತರದ ಜಾಗದಲ್ಲಿ ಅದು ಸುಮಾರು 71 ಡಿಗ್ರಿ ಅಕ್ಷಾಂಶ ಮುಟ್ಟುತ್ತೆ. ಗ್ಲೋಬ್‌ನ ಅಡ್ಡಗಲ 30 ಸೆಂಟಿಮೀಟರ್ ಇದ್ದರೆ ಅದರ ಸುತ್ತಳತೆ 94 ಸೆಂಟಿಮೀಟರ್ ಆಗುತ್ತೆ, ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್, ಅಂದರೆ ದಾರದ ಒಂದು ಸೆಂಟಿಮೀಟರ್‌ಗೆ 425 ಕಿಲೋಮೀಟರ್. ನಿಮ್ಮ ದಾರ 33 ಸೆಂಟಿಮೀಟರ್ ಹತ್ತಿರ ಬರಬೇಕು. ಗುಣಿಸಿ ನೋಡಿ, 14,000 ಕಿಲೋಮೀಟರ್.

ಇನ್ನೂ ಸರಿಯಾಗಿ ಬೇಕು ಅನ್ನುವವರಿಗೆ ಪಿಯುಸಿ ತ್ರಿಕೋನಮಿತಿ ಸಾಕು. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋ 37.6 ಉತ್ತರ, 122.4 ಪಶ್ಚಿಮ. ಒಂದು ಪೂರ್ವ ಒಂದು ಪಶ್ಚಿಮ ಇರುವುದರಿಂದ ರೇಖಾಂಶಗಳನ್ನು ಕೂಡಿಸಿ: 200.1. ಇದು 180 ದಾಟಿತು, ಹಾಗಾಗಿ 360ರಿಂದ ಕಳೆಯಿರಿ: 159.9. (ಎರಡೂ ಪೂರ್ವವೇ ಆಗಿದ್ದರೆ ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಮುಗಿಯಿತು.)

ಈಗ ಎರಡು ಅಕ್ಷಾಂಶಗಳ ಸೈನ್ ಗುಣಿಸಿ, 0.139 ಬರುತ್ತೆ. ಎರಡು ಅಕ್ಷಾಂಶಗಳ ಕೊಸೈನ್ ಗುಣಿಸಿ, ಅದನ್ನು 159.9ರ ಕೊಸೈನ್‌ನಿಂದ ಮತ್ತೆ ಗುಣಿಸಿ, ಮೈನಸ್ 0.724 ಬರುತ್ತೆ. ಎರಡನ್ನೂ ಕೂಡಿಸಿದರೆ ಮೈನಸ್ 0.585. ಇದಕ್ಕೆ ವಿಲೋಮ ಕೊಸೈನ್ ಒತ್ತಿ: 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿಲೋಮೀಟರ್ ಅಂತ ಗುಣಿಸಿದರೆ 13,990 ಕಿಲೋಮೀಟರ್. ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ರೇಡಿಯನ್‌ನಲ್ಲಿದ್ದರೆ ಏನೇನೋ ಉತ್ತರ ಬರುತ್ತೆ. ಪೈಲಟ್‌ಗಳ ಲೆಕ್ಕ ಬೇಕಿದ್ದರೆ ಡಿಗ್ರಿಯನ್ನು 60ರಿಂದ ಗುಣಿಸಿ, ಸುಮಾರು 7,550 ನಾಟಿಕಲ್ ಮೈಲಿ. ಅಮೆರಿಕದವರ ಮೈಲಿಯಲ್ಲಿ 8,700.

ಭೂಮಿ ಮೇಲೆ ಯಾವ ಎರಡು ಜಾಗಗಳ ನಡುವೆಯೂ 20,000 ಕಿಲೋಮೀಟರ್‌ಗಿಂತ ಜಾಸ್ತಿ ದೂರ ಇರಲು ಸಾಧ್ಯವಿಲ್ಲ, ಸುತ್ತಳತೆಯ ಅರ್ಧ ತಾನೆ. ಉತ್ತರ ಅದನ್ನು ದಾಟಿದರೆ ಎಲ್ಲೋ ತಪ್ಪಿದ್ದೀರಿ ಅಂತ ಗೊತ್ತಾಗುತ್ತೆ.

ಇದೇ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ಬೆಂಗಳೂರಿಂದ ನ್ಯೂಯಾರ್ಕ್‌ಗೆ ಸುಮಾರು 13,350 ಕಿಲೋಮೀಟರ್. ನ್ಯೂಯಾರ್ಕ್‌ಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಮಧ್ಯೆ 4,150 ಕಿಲೋಮೀಟರ್ ಇದೆ, ಆದರೆ ನಮ್ಮಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಬರೀ 640. "ಮಗ ಈಸ್ಟ್ ಕೋಸ್ಟ್‌ನಲ್ಲಿ ಇದ್ದಿದ್ದರೆ ಎಷ್ಟೋ ಹತ್ತಿರ ಆಗ್ತಿತ್ತು" ಅನ್ನುವವರು ಇದನ್ನು ನೋಡಬೇಕು.

2. ದೂರದಿಂದ ಹಾರಾಟದ ಗಂಟೆಗೆ

ದೊಡ್ಡ ವಿಮಾನ ಮೇಲೆ ಏರಿದ ಮೇಲೆ ಗಂಟೆಗೆ 900 ಕಿಲೋಮೀಟರ್ ಆಸುಪಾಸು ಹೋಗುತ್ತೆ. ಹಾಗಂತ 14,000ವನ್ನು 900ರಿಂದ ಭಾಗಿಸಿ ಹದಿನೈದೂವರೆ ಗಂಟೆ ಅಂದುಕೊಂಡರೆ ಕೈ ಕೊಡುತ್ತೆ. ವಿಮಾನ ಗೇಟ್ ಬಿಟ್ಟು ರನ್‌ವೇಗೆ ಹೋಗಬೇಕು, ಸರದಿ ಕಾಯಬೇಕು, ಏರಬೇಕು, ಇಳಿಯಬೇಕು, ಮತ್ತೆ ಗೇಟ್‌ವರೆಗೆ ಉರುಳಬೇಕು. ದಾರಿಯೂ ದಾರದಷ್ಟು ನೆಟ್ಟಗಿರುವುದಿಲ್ಲ.

ಸುಲಭದ ಸೂತ್ರ: ಕಿಲೋಮೀಟರ್ ಅನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. 13,990ಕ್ಕೆ ಹದಿನಾರೂವರೆ, ಅರ್ಧ ಸೇರಿಸಿದರೆ 17 ಗಂಟೆ. ನಿಜವಾಗಿ ಆಗಿದ್ದೂ ಅಷ್ಟೇ. 2021ರ ಜನವರಿ 9ರ ಶನಿವಾರ ರಾತ್ರಿ ಎಂಟೂವರೆ ಸುಮಾರಿಗೆ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರ ಧ್ರುವದ ಮೇಲೆ ಹಾದು, 11ರ ಸೋಮವಾರ ಬೆಳಗಿನ ಜಾವ ಮೂರರ ಹೊತ್ತಿಗೆ ಬೆಂಗಳೂರಿನಲ್ಲಿ ಇಳಿಯಿತು. ಈ ಎರಡು ಊರುಗಳ ನಡುವೆ ಎಲ್ಲೂ ನಿಲ್ಲದ ಮೊದಲ ವಿಮಾನ ಅದು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರೇ.

ಸೂತ್ರ ಒಂದು ಗಂಟೆ, ಕೆಲವು ಸಲ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಆಚೀಚೆ ಆಗುತ್ತೆ. ಅದಕ್ಕೆ ಕಾರಣಗಳಿವೆ.

ಗಾಳಿ ಮೊದಲನೆಯದು. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಇದೆ, ಚಳಿಗಾಲದಲ್ಲಿ ಅದರ ಜೋರು ಜಾಸ್ತಿ. ಪೆಸಿಫಿಕ್ ಮೇಲೆ ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ಹಿಂದಿನಿಂದ ತಳ್ಳುತ್ತೆ, ವಾಪಸ್ ಬರುವಾಗ ಎದುರಿಗೆ ನಿಲ್ಲುತ್ತೆ. ಸಿಂಗಾಪುರ–ಸ್ಯಾನ್ ಫ್ರಾನ್ಸಿಸ್ಕೋ ವೇಳಾಪಟ್ಟಿ ನೋಡಿ, ಹೋಗುವುದಕ್ಕಿಂತ ಬರುವುದಕ್ಕೆ ಹೆಚ್ಚುಕಡಿಮೆ ಎರಡು ಗಂಟೆ ಜಾಸ್ತಿ ಇರುತ್ತೆ. ಅದಕ್ಕೇ ಕಿಲೋಮೀಟರ್ ಜಾಸ್ತಿಯಾದರೂ ಪರವಾಗಿಲ್ಲ, ಗಾಳಿ ಸಿಗುವ ದಾರಿಯಲ್ಲೇ ಹೋಗೋಣ ಅಂತ ವಿಮಾನ ಸಂಸ್ಥೆಗಳು ಎಷ್ಟೋ ಸಲ ನಿರ್ಧರಿಸುತ್ತವೆ.

ಎರಡನೆಯದು ಟಿಬೆಟ್. ಗ್ಲೋಬ್ ಮೇಲಿನ ದಾರ ಅಲ್ಲೇ ಹೋಗುತ್ತೆ, ವಿಮಾನಗಳು ಸಾಮಾನ್ಯವಾಗಿ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಸಬೇಕು, ಯಾಕೆಂದರೆ ಪ್ರಯಾಣಿಕರ ಮಾಸ್ಕ್‌ನ ಆಮ್ಲಜನಕ ಕೆಲವೇ ನಿಮಿಷಕ್ಕೆ ಇರುತ್ತೆ. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ, ಇಳಿಯುವುದು ಎಲ್ಲಿಗೆ?

ಮೂರನೆಯದು ಆಕಾಶದ ರಾಜಕೀಯ. 2022ರಿಂದ ರಷ್ಯಾ ತನ್ನ ಆಕಾಶವನ್ನು ಅಮೆರಿಕ ಮತ್ತು ಯುರೋಪಿನ ಹೆಚ್ಚಿನ ವಿಮಾನ ಸಂಸ್ಥೆಗಳಿಗೆ ಮುಚ್ಚಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು, ದೆಹಲಿಯಿಂದ ಪಶ್ಚಿಮಕ್ಕೆ ಹಾರುವವರಿಗೆ ಅದರ ಬಿಸಿ ಜಾಸ್ತಿ ತಟ್ಟಿತು. ಹೋದ ವರ್ಷ ಹೋಗಿ ಬಂದವರು ಹೇಳಿದ ಗಂಟೆ ಈ ವರ್ಷಕ್ಕೆ ಹೊಂದದೇ ಇರಬಹುದು.

3. ನಡುವೆ ನಿಲ್ಲುವುದಾದರೆ

ಇಷ್ಟು ದೂರದ ನಾನ್‌ಸ್ಟಾಪ್ ವಿಮಾನಗಳು ವೇಳಾಪಟ್ಟಿಯಲ್ಲಿ ಬರುತ್ತಾ ಹೋಗುತ್ತಾ ಇರುತ್ತವೆ. ನಿಮ್ಮ ತಾರೀಖಿಗೆ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಎಲ್ಲಾದರೂ ಇಳಿದು ಹತ್ತಲೇಬೇಕು, ಆಗ ಎರಡು ತುಂಡನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿ.

ದೆಹಲಿ ಮೂಲಕ: 1,710 ಮತ್ತು 12,380, ಒಟ್ಟು 14,090 ಕಿಲೋಮೀಟರ್.
ಹಾಂಗ್‌ಕಾಂಗ್ ಮೂಲಕ: ಸುಮಾರು 3,950 ಮತ್ತು 11,130, ಒಟ್ಟು 15,080.
ದುಬೈ ಮೂಲಕ: ಸುಮಾರು 2,700 ಮತ್ತು 13,000 ಚಿಲ್ಲರೆ, ಒಟ್ಟು 15,700 ದಾಟುತ್ತೆ.
ಫ್ರಾಂಕ್‌ಫರ್ಟ್ ಮೂಲಕ: 7,400 ಮತ್ತು 9,150, ಒಟ್ಟು 16,550.
ಸಿಂಗಾಪುರ ಮೂಲಕ: 3,180 ಮತ್ತು 13,580, ಒಟ್ಟು 16,760.

ದೆಹಲಿ ನೋಡಿ, ನೇರ ದೂರಕ್ಕಿಂತ ನೂರು ಕಿಲೋಮೀಟರ್ ಅಷ್ಟೇ ಜಾಸ್ತಿ. ದಾರ ಹೇಗಿದ್ದರೂ ಉತ್ತರಕ್ಕೇ ಹೋಗುವುದರಿಂದ ದೆಹಲಿ ಸುತ್ತು ಅನ್ನಿಸುವುದೇ ಇಲ್ಲ. ಕಿಲೋಮೀಟರ್ ನೋಡಿ ಆರಿಸುವುದಾದರೆ ಎಲ್ಲರೂ ಅದನ್ನೇ ಹಿಡಿಯಬೇಕಿತ್ತು. ಆದರೆ ಡಿಸೆಂಬರ್ ಕೊನೆ, ಜನವರಿಯಲ್ಲಿ ದೆಹಲಿಯ ಮಂಜು ಗೊತ್ತಲ್ಲ, ರಾತ್ರಿ ಮತ್ತು ಬೆಳಗಿನ ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ. ಆ ತಿಂಗಳುಗಳಲ್ಲಿ ವಯಸ್ಸಾದವರನ್ನು ಕಳಿಸುವುದಾದರೆ ನಾನಂತೂ ಬೇರೆ ದಾರಿ ನೋಡುತ್ತೇನೆ.

ಅತಿ ಕಡಿಮೆಯ ದೆಹಲಿಗೂ ಅತಿ ಜಾಸ್ತಿಯ ಸಿಂಗಾಪುರಕ್ಕೂ ಇರುವ ವ್ಯತ್ಯಾಸ 2,670 ಕಿಲೋಮೀಟರ್, ಅಂದರೆ ಆಕಾಶದಲ್ಲಿ ಸುಮಾರು ಮೂರು ಗಂಟೆ. ನೆಲದ ಮೇಲೆ ಕಾಯುವ ಸಮಯವಾದರೋ ಒಂದೂವರೆ ಗಂಟೆಯೂ ಆಗಬಹುದು, ಹನ್ನೊಂದು ಗಂಟೆಯೂ ಆಗಬಹುದು. ಹಾಗಾಗಿ ಟಿಕೆಟ್ ಆರಿಸುವಾಗ ದೂರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕಾಯುವ ಗಂಟೆ ನೋಡಿ. ಎಲ್ಲಿ ಮುರಿಯುತ್ತೆ ಅನ್ನುವುದನ್ನೂ ನೋಡಿ. ಫ್ರಾಂಕ್‌ಫರ್ಟ್ ದಾರಿ ಹತ್ತು ಗಂಟೆ, ಹನ್ನೊಂದೂವರೆ ಗಂಟೆ ಅಂತ ಹೆಚ್ಚುಕಡಿಮೆ ಸಮನಾಗಿ ಒಡೆಯುತ್ತೆ. ದುಬೈ ದಾರಿಯಲ್ಲಿ ನಾಲ್ಕು ಗಂಟೆ ಆದ ಮೇಲೆ ಒಂದೇ ಸಮ ಹದಿನಾರು ಗಂಟೆ ಕೂರಬೇಕು. ಮಂಡಿ ನೋವಿರುವವರಿಗೆ ಮೊದಲನೆಯದು ಒಳ್ಳೆಯದು. ಒಂದು ಸಲ ನಿದ್ದೆ ಹತ್ತಿದರೆ ಸಾಕು ಅನ್ನುವವರಿಗೆ ಎರಡನೆಯದು.

ಕಾಯುವ ಸಮಯ ತೀರಾ ಕಮ್ಮಿಯೂ ಬೇಡ. ಮೊದಲ ಸಲ ಹೋಗುವವರಿಗೆ ಎರಡೂವರೆಯಿಂದ ನಾಲ್ಕು ಗಂಟೆ ಹದ. ವೀಲ್‌ಚೇರ್ ಬೇಕಿದ್ದರೆ ಎರಡು ದಿನ ಮೊದಲೇ ವಿಮಾನ ಸಂಸ್ಥೆಗೆ ಹೇಳಿ, ಗೇಟ್‌ನಿಂದ ಗೇಟ್‌ಗೆ ಅವರೇ ಕರೆದುಕೊಂಡು ಹೋಗುತ್ತಾರೆ, ಇಂಗ್ಲಿಷ್ ಬಾರದ ಅಪ್ಪ ಅಮ್ಮನಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಎರಡು ತುಂಡೂ ಒಂದೇ ಬುಕಿಂಗ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತೆಗೆದು ಮೊದಲ ವಿಮಾನ ತಡವಾದರೆ ಎರಡನೆಯದರವರು ಕಾಯುವುದೂ ಇಲ್ಲ, ಸಾಮಾನ್ಯವಾಗಿ ದುಡ್ಡೂ ಕೊಡುವುದಿಲ್ಲ.

ನಿಲುಗಡೆ ಅಮೆರಿಕದೊಳಗೇ ಇದ್ದರೆ, ಉದಾಹರಣೆಗೆ ನ್ಯೂಯಾರ್ಕ್ ಅಥವಾ ಷಿಕಾಗೊ, ಲೆಕ್ಕ ಬೇರೆ. ಮೊದಲು ಇಳಿದ ಊರಲ್ಲೇ ಇಮಿಗ್ರೇಶನ್ ಮುಗಿಸಬೇಕು, ಲಗೇಜ್ ತಗೊಂಡು ಕಸ್ಟಮ್ಸ್ ದಾಟಿ ಮತ್ತೆ ಹಾಕಬೇಕು, ಮತ್ತೆ ಸೆಕ್ಯೂರಿಟಿ. ಇಲ್ಲಿ ಮೂರು ಗಂಟೆಗಿಂತ ಕಮ್ಮಿ ಇಟ್ಟುಕೊಳ್ಳಬೇಡಿ. ಯುರೋಪ್ ಮೂಲಕ ಹೋಗುವವರು ಆ ದೇಶದ ಟ್ರಾನ್ಸಿಟ್ ವೀಸಾ ನಿಯಮವನ್ನು ಅವರ ರಾಯಭಾರ ಕಚೇರಿಯ ಪುಟದಲ್ಲೇ ನೋಡಿ, ಅದು ಆಗಾಗ ಬದಲಾಗುತ್ತೆ.

4. ಟಿಕೆಟ್ ಮೇಲಿನ ಗಡಿಯಾರ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಒಂದರಿಂದ ಇನ್ನೊಂದನ್ನು ಹಾಗೇ ಕಳೆದರೆ ಸುಳ್ಳು ಉತ್ತರ ಬರುತ್ತೆ. ಎರಡನ್ನೂ ನಮ್ಮ ಸಮಯಕ್ಕೆ ತಂದುಕೊಳ್ಳಿ.

ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದಿಟ್ಟು ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ಬೇಸಿಗೆಯದು ಸಲೀಸು: ನಮ್ಮ ಸಮಯದಿಂದ ಅರ್ಧ ಗಂಟೆ ಕಳೆದು, ಸಂಜೆಯನ್ನು ಬೆಳಿಗ್ಗೆ ಮಾಡಿ. ಇಲ್ಲಿ ಸಂಜೆ ಆರು ಅಂದರೆ ಅಲ್ಲಿ ಅದೇ ದಿನ ಬೆಳಿಗ್ಗೆ ಐದೂವರೆ. ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳೆಯಿರಿ, ನಾಲ್ಕೂವರೆ.

ಒಂದು ಟಿಕೆಟ್ ಊಹಿಸಿಕೊಳ್ಳಿ. ಜನವರಿಯ ಒಂದು ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು ಬಿಡುತ್ತೆ, ಅದೇ ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ತಲುಪುತ್ತೆ. ನೋಡಿದರೆ ಹತ್ತೇ ಗಂಟೆ! ಅಲ್ಲಿಯ ಮಧ್ಯಾಹ್ನ ಎರಡಕ್ಕೆ ಹದಿಮೂರೂವರೆ ಸೇರಿಸಿ, ನಮ್ಮ ಶನಿವಾರ ಬೆಳಗಿನ ಜಾವ ಮೂರೂವರೆ. ಅಂದರೆ ಇಪ್ಪತ್ಮೂರೂವರೆ ಗಂಟೆ. ಅದರಲ್ಲಿ ಫ್ರಾಂಕ್‌ಫರ್ಟ್‌ವರೆಗೆ ಹತ್ತು, ಅಲ್ಲಿ ಕಾಯುವುದು ಎರಡು, ಮುಂದೆ ಹನ್ನೊಂದೂವರೆ.

ಮತ್ತೊಂದು ವಿಷಯ, "ಶುಕ್ರವಾರ ಬೆಳಗಿನ ಜಾವ ನಾಲ್ಕು" ಅಂದರೆ ಗುರುವಾರ ರಾತ್ರಿ ಮನೆ ಬಿಡಬೇಕು. ಶುಕ್ರವಾರ ರಾತ್ರಿಗೆ ಟ್ಯಾಕ್ಸಿ ಬುಕ್ ಮಾಡಿ ಕೂತವರ ಕಥೆಗಳು ಬೇಕಾದಷ್ಟಿವೆ. ತಾರೀಖನ್ನು ಕ್ಯಾಲೆಂಡರ್ ಮೇಲೆ ಬೆರಳಿಟ್ಟು ತೋರಿಸಿ.

ಶುಗರ್, ಬಿಪಿ ಮಾತ್ರೆ ತಗೊಳ್ಳುವವರು, ಅದರಲ್ಲೂ ಇನ್ಸುಲಿನ್ ತಗೊಳ್ಳುವವರು, ಈ ಒಟ್ಟು ಗಂಟೆಯನ್ನೂ ಸಮಯದ ವ್ಯತ್ಯಾಸವನ್ನೂ ಡಾಕ್ಟರಿಗೆ ಹೇಳಿ ಯಾವ ಹೊತ್ತಿಗೆ ಏನು ಅಂತ ಬರೆಸಿಕೊಳ್ಳಿ. ಮಾತ್ರೆ ಕೈಚೀಲದಲ್ಲೇ ಇರಲಿ.

5. ಬಾಗಿಲಿನಿಂದ ಬಾಗಿಲಿಗೆ

ಕೊನೆಯ ಲೆಕ್ಕ ಇದು, ಹೆಚ್ಚಿನವರು ಹಾಕದೇ ಬಿಡುವುದೂ ಇದನ್ನೇ. ಮೈಸೂರಿನಿಂದ ಹೊರಟವರದ್ದು ಹಾಕೋಣ. ದೇವನಹಳ್ಳಿಗೆ ಸುಮಾರು 185 ಕಿಲೋಮೀಟರ್, ಕೆಎಸ್‌ಆರ್‌ಟಿಸಿಯ ಫ್ಲೈಬಸ್ಸೋ ಕಾರೋ, ಟ್ರಾಫಿಕ್ ಸೇರಿಸಿ ಐದು ಗಂಟೆ ಇಟ್ಟುಕೊಳ್ಳಿ. ವಿಮಾನಕ್ಕೆ ಮೂರೂವರೆ ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು (ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಲ್ಲಿ, ಟ್ಯಾಕ್ಸಿಯವರಿಗೆ ಇದನ್ನು ಮೊದಲೇ ಹೇಳಿ). ಮೇಲಿನ ಟಿಕೆಟ್‌ನ ಇಪ್ಪತ್ಮೂರೂವರೆ. ಇಳಿದ ಮೇಲೆ ಇಮಿಗ್ರೇಶನ್, ಲಗೇಜ್, ಕಸ್ಟಮ್ಸ್‌ಗೆ ಎರಡು. ಸನ್ನಿವೇಲ್ ಅಲ್ಲಿಂದ 45 ಕಿಲೋಮೀಟರ್ ಆಸುಪಾಸು, ಒಂದು ಗಂಟೆ. ಒಟ್ಟು 35 ಗಂಟೆ. ಒಂದೂವರೆ ದಿನ ಅಂದ ಪಕ್ಕದ ಮನೆಯವರು ಸುಮ್ನೆ ಹೇಳಿರಲಿಲ್ಲ.

ಇದನ್ನೇ ನಾನ್‌ಸ್ಟಾಪ್‌ಗೆ ಹಾಕಿದರೆ ಇಪ್ಪತ್ತೆಂಟೂವರೆ. ಆರೂವರೆ ಗಂಟೆ ಉಳಿಯಿತು. ಅದಕ್ಕೆ ಎಷ್ಟು ದುಡ್ಡು ಜಾಸ್ತಿ ಕೇಳುತ್ತಿದ್ದಾರೆ ನೋಡಿ ಭಾಗಿಸಿ, ಒಂದು ಗಂಟೆಗೆ ಎಷ್ಟು ಬಿತ್ತು ಅಂತ ಸಿಗುತ್ತೆ. ಒಬ್ಬರೇ ಹೋಗುವ ಹುಡುಗರಿಗೆ ಅದು ದುಬಾರಿ ಅನ್ನಿಸಬಹುದು. ಎಪ್ಪತ್ತು ದಾಟಿದವರಿಗೆ, ಕೈಗೂಸು ಇರುವವರಿಗೆ ಕೊಡಬಹುದು ಅಂತ ನನ್ನ ಅಭಿಪ್ರಾಯ.

ಬೆಂಗಳೂರಿನವರು "ನಮಗೆ ಏರ್‌ಪೋರ್ಟ್ ಹತ್ತಿರ" ಅಂತ ಬೀಗಬೇಡಿ. ಎಲೆಕ್ಟ್ರಾನಿಕ್ ಸಿಟಿಯಿಂದ ಸಂಜೆ ಹೊತ್ತು ಹೊರಟರೆ ಎರಡೂವರೆ ಗಂಟೆ ಸಲೀಸಾಗಿ ಹೋಗುತ್ತೆ. ವಾಯು ವಜ್ರ ಬಸ್ ಇದ್ದರೂ ಟ್ರಾಫಿಕ್ ಅದಕ್ಕೂ ಒಂದೇ. ನವೆಂಬರ್‌ನಿಂದ ಫೆಬ್ರವರಿವರೆಗೆ ದೇವನಹಳ್ಳಿ ಕಡೆಯೂ ಬೆಳಗಿನ ಜಾವ ಮಂಜು ಕವಿಯುವುದುಂಟು.

6. ವಾಪಸ್ ಬರುವಾಗ ದಿನ ಹಾರುತ್ತೆ

ಹೋಗುವಾಗ ಹೊರಟ ದಿನವೇ ತಲುಪಿದಿರಿ. ಬರುವಾಗ ಅದರ ಸಾಲ ತೀರಿಸಬೇಕು. ಆ ಮೊದಲ ವಿಮಾನವನ್ನೇ ನೋಡಿ, ಶನಿವಾರ ರಾತ್ರಿ ಬಿಟ್ಟಿದ್ದು ಸೋಮವಾರ ಬೆಳಗಿನ ಜಾವ ಇಳಿಯಿತು, ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆಯಿತು. ನಿಲುಗಡೆ ಇದ್ದರೆ ಸೋಮವಾರ ಬೆಳಿಗ್ಗೆಯೋ ಮಧ್ಯಾಹ್ನವೋ ಆಗುತ್ತೆ. ಹಾಗಾಗಿ ಊರಲ್ಲಿ ಭಾನುವಾರ ಗೃಹಪ್ರವೇಶ ಇದ್ದರೆ ಅಲ್ಲಿಂದ ಶುಕ್ರವಾರ ಹೊರಟರೂ ಕಷ್ಟ, ಗುರುವಾರ ಹೊರಡಿ. ಆಫೀಸಿಗೆ ರಜೆ ಹಾಕುವಾಗ ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಎರಡು ದಿನ ಹಿಡಿಯಿರಿ. ಊರಿನಿಂದ ಕರೆದುಕೊಂಡು ಹೋಗಲು ಬರುವವರಿಗೆ ವಿಮಾನದ ನಂಬರ್, ಬೆಂಗಳೂರಿನಲ್ಲಿ ಇಳಿಯುವ ತಾರೀಖು, ವಾರ ಮೂರನ್ನೂ ಬರೆದು ಕಳಿಸಿ. ಹೊರಡುವ ತಾರೀಖು ಅವರಿಗೆ ಹೇಳಲೇಬೇಡಿ.